ಪತ್ತೇದಾರಿ ಕಥೆಯೂ ದೇಶೌಚಿತ್ಯವೂ

ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ದೇಶಕಾಲಗಳ ಔಚಿತ್ಯವನ್ನೂ ಎಣಿಸಿದ್ದಾನೆ. ಪತ್ತೇದಾರಿ ಕಥೆಗಂತೂ ದೇಶವೇ ಜೀವವು. ಆರ್. ಎಲ್. ಸ್ಟೈನ್ ಅವರ ‘ಲೈಟ್ಸ್ ಔಟ್’ (1991) ಮೊದಲಾದ ಅಮೆರಿಕದ ಕಿಶೋರಕಾದಂಬರಿಗಳಲ್ಲಿ ಬೇಸಗೆಯ ಶಿಬಿರವು ಕೊಲೆಗೆ ರಂಗಸ್ಥಳವಾದುದು ಯದೃಚ್ಛೆಯಿಂದಲ್ಲ. ಅಲ್ಲಿ ತಂದೆತಾಯಿಗಳಿಲ್ಲ, ಹೊರಗಿನವರ ಸಂಚಾರವು ವಿರಳ, ಆದುದರಿಂದ ಅಪರಾಧಿಯು ಒಡನಾಡಿಗಳಲ್ಲೇ ಒಬ್ಬನೆಂಬ ಶಂಕೆಯು ತಾನಾಗಿ ಹುಟ್ಟುವುದು. ಅಗಾಥಾ ಕ್ರಿಸ್ಟಿಯು 1939ರಲ್ಲಿ ದ್ವೀಪದಿಂದ ಸಾಧಿಸಿದುದೂ ಇದನ್ನೇ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ನಿಂದ ಬಹುಸಂಖ್ಯೆಯ ವಾಚಕರನ್ನು ಸಂಪಾದಿಸಿದರು. ಆದರೆ ಆ ನಾಯಕನು ಪ್ರೌಢನು, ವೃತ್ತಿನಿರತನು. ಕಿಶೋರನೇ ಶಂಕಿತನೂ ಶೋಧಕನೂ ಆಗುವ ಕಥೆಗೆ ಬೇರೆಯೇ ನೆಲ ಬೇಕು. ಅದಕ್ಕಾಗಿ ಶಿಬಿರವನ್ನು ಹೊರದೇಶದಿಂದ ತರಬೇಕಾದುದಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ತೆರೆದ ರೈಲಿನ ಕವಲುದಾರಿ, ಪರಸ್ಪರ ಬಲ್ಲವರೇ ವಾಸಿಸುವ ಕಾರ್ಮಿಕರ ಲೈನುಗಳು, ಸೈನೈಡ್ ದಿಬ್ಬಗಳು, 2001ರಲ್ಲಿ ಮುಚ್ಚಿದ ಚಿನ್ನದ ಗಣಿ, ಇವೆಲ್ಲವೂ ಉದ್ದೀಪನವಿಭಾವಗಳಾಗಿ ಸಿದ್ಧವಾಗಿವೆ.

ಆದರೂ ಉದ್ದೀಪನಮಾತ್ರದಿಂದ ರಸವು ನಿಷ್ಪನ್ನವಾಗದು. ಶಿಬಿರದ ಕಥೆಗಳಲ್ಲಿ ಸತ್ತವನು ಸಾಮಾನ್ಯವಾಗಿ ಒಗಟಿಗೊಂದು ನೆಪವಷ್ಟೆ; ಪುಟ ತಿರುಗುವುದರೊಳಗೆ ಮರೆತುಹೋಗುವನು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದವರೆಗೆ ಇಳಿದು, ಬಂಡೆ ಸಿಡಿದು ಕಾರ್ಮಿಕರು ಮಡಿದ ಊರಿನಲ್ಲಿ ಈ ಮರೆವು ಅನೌಚಿತ್ಯವೇ ಸರಿ. ಅಲ್ಲಿ ಪ್ರತಿಯೊಂದು ಶವಕ್ಕೂ ಒಂದು ಮನೆಯುಂಟು, ಬಾಗಿಲಲ್ಲಿ ಕಾದವರುಂಟು. ಕರುಣವನ್ನು ತೊರೆದ ಭಯಾನಕವು ಬರಿಯ ಬೆದರಿಕೆ. ಕೊಂದವನಾರೆಂಬ ಪ್ರಶ್ನೆಯೊಡನೆ ಸತ್ತವನಾರೆಂಬುದನ್ನೂ ಕೇಳಬಲ್ಲ ಲೇಖಕನಿಗೇ ಈ ನೆಲವು ಒಲಿಯುವುದು.