ವಿಕಟಕವಿಯನ್ನು ಒಡೆಯುವ ಬಗೆ

ಪೈಥಾನ್ ಕಲಿಯಲು ಕೂತವರಿಗೆ ಶುರುವಿನಲ್ಲೇ ಎದುರಾಗುವ ಅಭ್ಯಾಸವೊಂದಿದೆ: ಒಂದು ಪದ ಹಿಂದಿನಿಂದ ಓದಿದರೂ ಅದೇ ಆಗುತ್ತದೆಯೇ ಎಂದು ಪರೀಕ್ಷಿಸುವುದು. ಪದವನ್ನು ಲಿಸ್ಟ್ ಮಾಡಬೇಕು, ಲಿಸ್ಟನ್ನು ತಿರುಗಿಸಬೇಕು, ಎರಡನ್ನೂ ಹೋಲಿಸಬೇಕು. ಇಂಗ್ಲಿಷಿನ ‘ಲೆವೆಲ್’ ಕೊಟ್ಟರೆ ಹೌದು ಎಂಬ ಉತ್ತರ ಬರುತ್ತದೆ. ಕನ್ನಡದ ‘ವಿಕಟಕವಿ’ ಕೊಡಿ, ಅಲ್ಲ ಎನ್ನುತ್ತದೆ! ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಮಗುವಿಗೆ ತಿಳಿದದ್ದು ಪ್ರೋಗ್ರಾಮಿಗೆ ತಿಳಿಯುವುದಿಲ್ಲ.

ಪೈಥಾನ್ ಇಲ್ಲಿ ಹೇಳಿದಷ್ಟನ್ನೇ ಮಾಡಿದೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಸ್ಟ್ರಿಂಗ್ ಎಂದರೆ ಯುನಿಕೋಡ್ ಸಂಕೇತಗಳ ಸಾಲು. ‘ಲಿಸ್ಟ್’ ಆ ಸಂಕೇತಗಳನ್ನು ಒಂದೊಂದಾಗಿ ಬಿಡಿಸಿಡುತ್ತದೆ. ಕನ್ನಡದಲ್ಲಿ ವ್ಯಂಜನಕ್ಕೊಂದು ಸಂಕೇತ, ಗುಣಿತದ ಚಿಹ್ನೆಗೆ ಇನ್ನೊಂದು. ‘ವಿ’ ಎಂಬುದು ‘ವ’ ಮತ್ತು ಗುಡಿಸು ಎಂದು ಎರಡಾಗುತ್ತದೆ. ಐದಕ್ಷರದ ವಿಕಟಕವಿ ಏಳು ತುಂಡಾಗುತ್ತದೆ. ತಿರುಗಿಸಿದರೆ ಗುಡಿಸು ವ್ಯಂಜನಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಒತ್ತಕ್ಷರಗಳಿಗಂತೂ ಸ್ವಂತ ಸಂಕೇತವೇ ಇಲ್ಲ. ಎರಡು ವ್ಯಂಜನಗಳ ನಡುವೆ ಹಲಂತ ಕೂತರೆ ಒತ್ತು ಮೂಡುತ್ತದೆ. ಹಾಗಾಗಿ ‘ಕನ್ನಡ’ ಎಂಬ ಮೂರಕ್ಷರ ಲಿಸ್ಟಿನಲ್ಲಿ ಐದಾಗುತ್ತದೆ: ಕ, ನ, ಹಲಂತ, ನ, ಡ.

ಅಕ್ಷರ ಬಿಡಿಸುವ ಮೊದಲು ಸಾಲಿನಿಂದ ಪದ ಬಿಡಿಸಬೇಕಲ್ಲ, ಅದಕ್ಕಿರುವ ‘ಸ್ಪ್ಲಿಟ್’ ನನ್ನ ಮೆಚ್ಚಿನದು. ಆವರಣ ಖಾಲಿ ಬಿಟ್ಟರೆ ಅದು ಖಾಲಿ ಜಾಗ, ಟ್ಯಾಬ್, ಹೊಸ ಸಾಲು ಎಲ್ಲವನ್ನೂ ಒಂದೇ ಎಂದು ಕಂಡು, ಎಷ್ಟೇ ಉದ್ದದ ಬಿಡುವಿದ್ದರೂ ಪದಗಳನ್ನಷ್ಟೇ ಎತ್ತಿಕೊಡುತ್ತದೆ. ಅದೇ ಅಲ್ಪವಿರಾಮ ಕೊಟ್ಟು ಇಲ್ಲಿ ಕತ್ತರಿಸು ಎಂದರೆ ಅದರ ನಡತೆ ಬದಲಾಗುತ್ತದೆ. ‘ರಾಗಿ,,ಜೋಳ’ ಎಂಬುದು ಮೂರು ತುಂಡಾಗುತ್ತದೆ, ನಡುವಿನದು ಖಾಲಿ. ಕೆಲವರಿಗೆ ಇದು ಕಿರಿಕಿರಿ. ನನಗೆ ಇದೇ ಸರಿ. ಪಟ್ಟಿಯಲ್ಲಿ ಯಾರೋ ತುಂಬದೆ ಬಿಟ್ಟ ಕಾಲಂ ಕೂಡ ಒಂದು ಮಾಹಿತಿ, ಅದನ್ನು ನುಂಗಿಹಾಕಿದರೆ ಮುಂದಿನದೆಲ್ಲ ಒಂದು ಮನೆ ಹಿಂದೆ ಸರಿಯುತ್ತದೆ. ಉದ್ಧರಣ ಚಿಹ್ನೆಯೊಳಗೂ ಅಲ್ಪವಿರಾಮ ಬರುವ ವಿಳಾಸದಂಥವಕ್ಕೆ ಮಾತ್ರ ಸ್ಪ್ಲಿಟ್ ಬೇಡ, ಸಿಎಸ್‌ವಿ ಮಾಡ್ಯೂಲ್ ಬಳಸಿ. ಚೌಕ ಆವರಣ ಸಮೇತ ಬಂದ ಸಂಖ್ಯೆಗಳ ಪಠ್ಯಕ್ಕೆ ಜೇಸನ್ ಮಾಡ್ಯೂಲ್ ಇದೆ. ಹೊರಗಿನಿಂದ ಬಂದ ಪಠ್ಯಕ್ಕೆ ‘ಇವ್ಯಾಲ್’ ಬಳಸಲೇಬೇಡಿ, ಅದರಲ್ಲಿ ಅಡಗಿರುವ ಯಾವ ಆಜ್ಞೆಯನ್ನಾದರೂ ಅದು ನಡೆಸಿಬಿಡುತ್ತದೆ.

ಮತ್ತೆ ಅಕ್ಷರಕ್ಕೆ ಬರೋಣ. ಮೊದಲು ಸ್ಪ್ಲಿಟ್ ಮಾಡಿ ಪದಗಳನ್ನು ಬಿಡಿಸಿಕೊಳ್ಳಿ. ಬಳಿಕ ಪ್ರತಿ ಪದದ ಸಂಕೇತಗಳನ್ನು ಎಡದಿಂದ ನೋಡುತ್ತ ಹೋಗಿ. ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಸಂಕೇತದ ವರ್ಗ ಕೇಳಿದಾಗ ಉತ್ತರ ‘ಎಂ’ ಎಂದು ಶುರುವಾದರೆ ಅದು ಗುಣಿತ ಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತ. ಅದನ್ನು ಹಿಂದಿನ ತುಂಡಿಗೆ ಅಂಟಿಸಿ. ಹಿಂದಿನ ತುಂಡು ಹಲಂತದಲ್ಲಿ ಮುಗಿದು ಈಗ ಬಂದದ್ದು ವ್ಯಂಜನವಾದರೆ ಅದನ್ನೂ ಅಂಟಿಸಿ. ಉಳಿದದ್ದಕ್ಕೆಲ್ಲ ಹೊಸ ತುಂಡು. ‘ರಾಜ್‌ಕುಮಾರ್’ ಎಂದು ಒತ್ತಿಲ್ಲದೆ ಬರೆಯುವಾಗ ಹಲಂತದ ಬಳಿಕ ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತದೆ. ಅದನ್ನು ‘ಜ್’ ಜೊತೆಗೇ ಸೇರಿಸಿದರೆ ಮುಂದಿನ ‘ಕು’ ತಾನಾಗಿ ಬೇರೆ ನಿಲ್ಲುತ್ತದೆ.

ಹತ್ತು-ಹನ್ನೆರಡು ಸಾಲಿನ ಈ ಕೆಲಸವಿಲ್ಲದೆ ಕನ್ನಡದ ಪದಬಂಧಕ್ಕೆ ಮನೆ ಹಾಕಲಾಗದು, ಷಟ್ಪದಿಯ ಮಾತ್ರೆ ಎಣಿಸಲಾಗದು, ಪ್ರಾಸ ಹುಡುಕಲಾಗದು. ಕನ್ನಡದಲ್ಲಿ ಪೈಥಾನ್ ಕಲಿಸುವ ಮೇಷ್ಟ್ರುಗಳು ಇದನ್ನು ಕೊನೆಯ ಪಾಠವಾಗಿ ಉಳಿಸದೆ ಮೊದಲ ತಿಂಗಳಲ್ಲೇ ಬರೆಸಬೇಕು. ಬರೆದಾದ ಮೇಲೆ ‘ಸ್ತ್ರೀ’ ಕೊಟ್ಟು ನೋಡಿ: ಆರು ಸಂಕೇತ ಒಳಗೆ ಹೋಗಿ ಲಿಸ್ಟಿನಲ್ಲಿ ಒಂದೇ ಅಕ್ಷರ ಬಂದರೆ ನಿಮ್ಮ ಪ್ರೋಗ್ರಾಂ ಸರಿಯಾಗಿದೆ.