ಕುಮ್ಮಕ್ಕು: ಒಂದು ಪದದ ವಿವೇಚನೆ

ಕೆಟ್ಟ ಕಾರ್ಯಕ್ಕೆ ಹಿಂದೆ ನಿಂತು ಒತ್ತಾಸೆ ಕೊಡುವುದಕ್ಕೆ ಕನ್ನಡದಲ್ಲಿ 'ಕುಮ್ಮಕ್ಕು' ಎಂಬ ಪದವಿದೆ. ಈ ಪದ ಮೂಲತಃ ದೋಷವಾಚಕವಲ್ಲ. ತುರ್ಕಿ ಮೂಲದ ಇದು ಪಾರಸಿಯ 'ಕುಮಕ್' ಆಗಿ ದೇಶಭಾಷೆಗಳಿಗೆ ಬಂದಿತು. ಅದರ ಅರ್ಥ 'ನೆರವು' ಎಂದಷ್ಟೆ. ಮರಾಠಿಯಲ್ಲಿ ಇಂದಿಗೂ 'ಕುಮಕ್' ಎಂದರೆ ಸಹಾಯಕ್ಕೆ ಬರುವ ಸೈನ್ಯ. ಕಾಡಾನೆಯನ್ನು ಹಿಡಿಯಲು ನೆರವಾಗುವ ಪಳಗಿದ ಆನೆ 'ಕುಮ್ಕಿ ಆನೆ'. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಕೃಷಿಕನಿಗಿದ್ದ ಸೊಪ್ಪು, ಸೌದೆ, ಮೇವಿನ ಸೌಲಭ್ಯಕ್ಕೂ 'ಕುಮ್ಕಿ' ಎಂದೇ ಹೆಸರು. ಇಂತಹ ಸಾಧುವಾದ ಪದವು ಪಾಪದ ಜೊತೆಗಾರನಾದುದು ವಿಚಾರಾರ್ಹ. ಕೆಡುಕು ಬಹುಮಟ್ಟಿಗೆ ನೆರವಿನ ವೇಷದಲ್ಲಿಯೇ ಬರುತ್ತದೆ.

ಈ ಸತ್ಯವನ್ನು ಜನ್ನನ 'ಯಶೋಧರ ಚರಿತೆ' (1209) ಮನಗಾಣಿಸುತ್ತದೆ. ಮಗನು ಕಂಡೆನೆಂದು ಹೇಳಿದ ದುಃಸ್ವಪ್ನದ ಶಾಂತಿಗಾಗಿ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡಲು ಹೇಳುತ್ತಾಳೆ. ಜೀವವಧೆಗೆ ಒಪ್ಪದ ಯಶೋಧರನನ್ನು ಹಿಟ್ಟಿನ ಕೋಳಿಯ ಬಲಿಗಾದರೂ ಒಪ್ಪಿಸುತ್ತಾಳೆ. ಆಕೆಯಲ್ಲಿ ದ್ವೇಷವಿಲ್ಲ, ಪುತ್ರವಾತ್ಸಲ್ಯವಿದೆ. ಕತ್ತಿ ಹಿಡಿದವನು ಮಗ, ಹುರಿದುಂಬಿಸಿದವಳು ತಾಯಿ. ಆದರೂ ಭವಾವಳಿಯ ಯಾತನೆ ಇಬ್ಬರಿಗೂ ತಪ್ಪಲಿಲ್ಲ. ಮಗ ನವಿಲಾದರೆ ತಾಯಿ ನಾಯಿ; ಕಡೆಗೆ ಇಬ್ಬರೂ ಕೋಳಿಗಳಾಗಿ ಹುಟ್ಟುತ್ತಾರೆ. ಈ ಕಾವ್ಯವನ್ನು ಸಂಕಲ್ಪಹಿಂಸೆಯ ಕಥೆಯೆಂದು ಓದುವುದು ರೂಢಿ. ಅದು ಕುಮ್ಮಕ್ಕಿನ ಕಥೆಯೂ ಹೌದೆಂಬುದನ್ನು ಮರೆಯಲಾಗದು.

ಇದಕ್ಕೆ ಶಾಸ್ತ್ರಾಧಾರ ಸ್ಪಷ್ಟವಾಗಿದೆ. ತಾನೇ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಮಾಡಿದವರನ್ನು ಒಪ್ಪಿದ್ದು ಅನುಮತ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ, ವಚನ, ಕಾಯಗಳಿಂದಲೂ, ಈ ಮೂರು ಬಗೆಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಕಳ್ಳನನ್ನು ಪ್ರೇರಿಸುವುದು, ಎರಡನೆಯದು ಕಳವಿನ ಮಾಲನ್ನು ಕೊಳ್ಳುವುದು. ಅಗ್ಗದ ಸರಕಿನ ಮೂಲವನ್ನು ವಿಚಾರಿಸದೆ ಕೊಳ್ಳುವ ವರ್ತಕನು ತನ್ನ ಕೈ ಶುದ್ಧವೆಂದುಕೊಳ್ಳುವಂತಿಲ್ಲ. ಶ್ರಾವಕನ 11 ಪ್ರತಿಮೆಗಳಲ್ಲಿ ಅನುಮತಿತ್ಯಾಗಕ್ಕೆ 10ನೆಯ ಸ್ಥಾನವಿರುವುದು, ಒಪ್ಪಿಗೆಯನ್ನು ಬಿಡುವುದು ಎಷ್ಟು ಕಠಿಣವೆಂಬುದಕ್ಕೆ ಸಾಕ್ಷಿ.

ಕಾನೂನಿನ ಕನ್ನಡದಲ್ಲಿ ಇದಕ್ಕೆ 'ದುಷ್ಪ್ರೇರಣೆ' ಎಂಬ ಪದವಿದೆ. 1860ರ ದಂಡ ಸಂಹಿತೆ ಚೋದನೆ, ಒಳಸಂಚು, ಉದ್ದೇಶಪೂರ್ವಕ ಸಹಾಯ ಎಂಬ ಮೂರನ್ನು ಇದರಲ್ಲಿ ಸೇರಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ಅನ್ಯರ ದುಷ್ಕೃತ್ಯಕ್ಕೆ ಒಳಗೊಳಗೇ ಹಿಗ್ಗುವವನು ಕಾನೂನಿಗೆ ಸಿಕ್ಕುವುದಿಲ್ಲ. ಅವನನ್ನು ಹಿಡಿಯುವುದು 'ಅನುಮತ' ಎಂಬ ಪದವೊಂದೇ.

ಅದರ ಸೋದರಪದವಾದ 'ಅನುಮೋದನೆ' ಇಂದು ಸಭೆಯ ನಡವಳಿ ಪುಸ್ತಕದ ಶುಷ್ಕ ಪದವಾಗಿರುವುದು ಖೇದಕರ. ಬಸದಿಯ ಆಡಳಿತ ಸಮಿತಿಗಳಲ್ಲಿ ಲೆಕ್ಕಪತ್ರವನ್ನು ಓದದೆ ಕೈಯೆತ್ತುವುದು, ದಾನಿಯ ದ್ರವ್ಯ ಬಂದ ದಾರಿಯನ್ನು ಕೇಳದೆ ಹಾರ ಹಾಕುವುದು ಸೌಜನ್ಯವೆನಿಸಿಕೊಂಡಿದೆ. ಮೋದವೆಂದರೆ ಸಂತೋಷ, ಅನುಮೋದಿಸುವವನು ಕರ್ತೃವಿನ ಸಂತೋಷದಲ್ಲಿ ಪಾಲುಗಾರ. ಪುಣ್ಯಕಾರ್ಯವನ್ನು ಅನುಮೋದಿಸಿ ಪುಣ್ಯಭಾಗಿಯಾಗಬಹುದೆಂದು ನಂಬುವ ಸಮಾಜವು, ಪಾಪದ ಅನುಮೋದನೆಗೂ ಅದೇ ಲೆಕ್ಕವಿದೆಯೆಂಬುದನ್ನು ಒಪ್ಪಲೇಬೇಕು. ಜಮೆಯ ಕಡೆಯನ್ನು ಮಾತ್ರ ಬರೆದ ಖಾತೆ ಎಂದಿಗೂ ತಾಳೆಯಾಗದು.