ಬಂಡೆ ಹತ್ತುವ ಗಾಡಿಗೆ ಎಂಥ ತಗಡು?

ರಿಮೋಟಿನಲ್ಲಿ ಓಡಿಸುವ ರಾಕ್ ಕ್ರಾಲರ್ ಎಂಬ ಪುಟ್ಟ ಗಾಡಿಗೆ ಬೇಕಾದದ್ದು ವೇಗವಲ್ಲ, ಹಿಡಿತ. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ವಯಸ್ಸು. ಅಂಥ ಕಲ್ಲಿನೆದುರು ಅವಸರ ನಡೆಯುವುದಿಲ್ಲ. ಮನೆಯಲ್ಲೇ ಮಾಡುವ ಚಾಸಿಗೆ ನನ್ನ ಓಟು 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡಿಗೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವುದಾದರೂ ಶೆಡ್ಡಿನಲ್ಲಿ ಕತ್ತರಿಸಿ ಉಳಿದ ತುಂಡೇ ಸಾಕು. ಬಗ್ಗಿಸುವುದಿದ್ದರೆ 5052 ದರ್ಜೆ. 6061-ಟಿ6 ಹೆಚ್ಚು ಗಟ್ಟಿ ನಿಜ, ಆದರೆ ಚೂಪಾಗಿ ಮಡಚಿದರೆ ಮಡಿಕೆಯ ಹೊರಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಉಕ್ಕು ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು ಭಾರ. ಆ ತೂಕ ಚಕ್ರದೊಳಗಿದ್ದರೆ ವರ, ಮೇಲಿದ್ದರೆ ಗಾಡಿ ಪಲ್ಟಿ. ಕಾರ್ಬನ್ ಫೈಬರ್ ಚೆಂದವೇ, ಜೇಬು ಒಪ್ಪಬೇಕಷ್ಟೆ. ಹೊಟ್ಟೆಯಡಿಯ ತಟ್ಟೆಗೆ ಮಾತ್ರ ಡೆಲ್ರಿನ್ ಪ್ಲಾಸ್ಟಿಕ್ಕೇ ಸರಿ: ಲೋಹ ಕಲ್ಲನ್ನು ಕಚ್ಚಿ ನಿಂತುಬಿಡುವ ಕಡೆ ಅದು ಗೀರು ಬಿದ್ದರೂ ಜಾರಿಕೊಂಡು ದಾಟುತ್ತದೆ.